ಬಚ್ಚಲ ಹಿಂದಿನ ಪರ್ಸಿಮನ್ ಗಿಡ

ಎಂಬತ್ತರ ದಶಕದ ಶುರುವಿನಲ್ಲಿ ದೊಡ್ಡಪ್ಪನಿಗೆ ಕೂನೂರಿನಿಂದ ಬೆಂಗಳೂರಿಗೆ ವರ್ಗವಾಯಿತು. ಎನ್.ಆರ್. ಕಾಲೋನಿಯ ನಮ್ಮ ಮನೆ ಮುಂದೆ ಸಾಮಾನಿನ ಲಾರಿ ನಿಂತಾಗ ದೊಡ್ಡಮ್ಮ ಇಳಿದದ್ದು ಒಂದು ಎಣ್ಣೆ ಡಬ್ಬ ತಬ್ಬಿಕೊಂಡು. ಅದರೊಳಗೆ ಮೊಣಕಾಲೆತ್ತರದ ಪರ್ಸಿಮನ್ ಸಸಿ. ಪಾತ್ರೆಪಗಡೆ ಉಳಿದವೋ ನುಗ್ಗಾದವೋ ಅವರು ವಿಚಾರಿಸಲೂ ಇಲ್ಲ. "ನೋಡಕ್ಕೆ ಟೊಮೇಟೊ ಥರ, ತಿಂದ್ರೆ ಜೇನುತುಪ್ಪ" ಎಂದರು. ಬೆಟ್ಟದ ಊರು ಬಿಟ್ಟು ಬಂದ ಅವರಿಗೆ ನಮ್ಮಂಗಳದಲ್ಲಿ ಆ ಗಿಡ ಹಣ್ಣು ಬಿಡುವುದನ್ನು ನೋಡಬೇಕಿತ್ತು. ಬೇರೇನನ್ನೂ ಅವರು ಬೇಡಿದ್ದು ನನಗೆ ನೆನಪಿಲ್ಲ.

ನಮ್ಮ ಮನೆಗೆ ಹೊಸ ಗಿಡ ಬಂದರೆ ಜಾಗ ಯಾವುದೆಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಚ್ಚಲ ಹಿಂದೆ. ಎಲ್ಲರೂ ಮಿಂದ ನೀರು ಹರಿಯುವುದು ಅಲ್ಲಿಗೆ. ಬಾಳೆ, ಕೆಸು, ಕರಿಬೇವು ಎಲ್ಲ ಅಲ್ಲೇ ಸೊಂಪಾಗಿದ್ದವು. ಅಜ್ಜಿ ಮುತುವರ್ಜಿ ವಹಿಸಿ ಇದನ್ನೂ ಅಲ್ಲೇ ನೆಡಿಸಿದರು. ಇದೂ ಕೊಬ್ಬಿತು. ಅಂಗೈಯಗಲದ ಎಲೆಗಳು ಮಿರಮಿರನೆ ಮಿಂಚುತ್ತಿದ್ದವು, ಹೂವಿನ ಸುಳಿವು ಮಾತ್ರ ಇಲ್ಲ. "ಏನಮ್ಮ, ಊಟದ ಎಲೆಗಾದ್ರೂ ಆಗುತ್ತಾ ನಿನ್ನ ಕೂನೂರು ಗಿಡ?" ಎಂದು ತಾತ ಪ್ರತಿ ಬೇಸಿಗೆಯಲ್ಲೂ ಕೆಣಕುತ್ತಿದ್ದರು. ದೊಡ್ಡಮ್ಮ ನಕ್ಕುಬಿಡುತ್ತಿದ್ದರು.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲ. ಒಂದು ಡಿಸೆಂಬರ್ ಬೆಳಿಗ್ಗೆ ಅವರು ನನ್ನನ್ನು ಹಿತ್ತಲಿಗೆ ಕರೆದು, "ಇಲ್ಲಿ ಕೈ ಇಡು" ಎಂದು ಬಚ್ಚಲ ಗೋಡೆ ತೋರಿಸಿದರು. ಹೊರಗೆ ಗಡಗಡ ನಡುಗುವ ಚಳಿ, ಗೋಡೆ ಬೆಚ್ಚಗಿತ್ತು. ಒಳಗೆ ತಾತನ ಸ್ನಾನಕ್ಕೆ ಹಂಡೆ ಒಲೆ ಉರಿಯುತ್ತಿತ್ತು.

"ಚಳಿಗಾಲದಲ್ಲಿ ಇದು ಎಲೆಯೆಲ್ಲಾ ಉದುರ್ಸಿ ಮಲಗ್ಬೇಕು ಕಣೇ. ಆಗ್ಲೇ ಹೂ ಬಿಡೋದು. ನಾವು ಬೆನ್ನಿಗೆ ಕಾವು, ಕಾಲಿಗೆ ಬಿಸಿನೀರು ಕೊಟ್ಟು ಎಬ್ಬಿಸಿ ಕೂರ್ಸಿದೀವಿ."

ಪ್ರೀತಿಯಿಂದಲೇ ನಾವೆಲ್ಲ ಸೇರಿ ಆ ಗಿಡದ ನಿದ್ದೆ ಕೆಡಿಸಿದ್ದೆವು! ಕೂನೂರಿನ ಚಳಿಯನ್ನು ಇಲ್ಲಿಗೆ ತರುವುದು ಆಗದ ಮಾತು. ಇದ್ದಷ್ಟು ಚಳಿಯನ್ನಾದರೂ ಪೂರ್ತಿ ಕೊಡೋಣ ಎಂದು ದೊಡ್ಡಮ್ಮ ಗಿಡವನ್ನು ಮಣ್ಣಿನ ಸಮೇತ ಎತ್ತಿಸಿ, ಗಾಳಿ ಬೀಸುವ ಗೇಟಿನ ಪಕ್ಕ ನೆಡಿಸಿದರು. ಮರುವರ್ಷ ದೀಪಾವಳಿ ಕಳೆದ ಮೇಲೆ ನೀರು ಬಂದ್. ಎಲೆಗಳು ಕೆಂಪಾಗಿ ಉದುರಿ ಬರೀ ಕಡ್ಡಿ ಉಳಿದಾಗ ಅಜ್ಜಿಗೆ ಕರುಳು ಚುರುಕ್ ಎಂದು, ಕದ್ದು ಒಂದು ಚೊಂಬು ನೀರು ಸುರಿಯಲು ಹೋಗಿ ಸಿಕ್ಕಿಬಿದ್ದರು. ಬೇಸಿಗೆ ಬಂದಾಗ ಉಲ್ಟಾ ಉಪಚಾರ. ಒಣಗಾಳಿಗೆ ಮೊಗ್ಗು ಉದುರುತ್ತದೆಂದು ಪಶ್ಚಿಮದ ಕಡೆ ಒದ್ದೆ ಗೋಣಿ ಕಟ್ಟಿ, ಸುತ್ತಲ ನೆಲಕ್ಕೆ ನೀರು ಚಿಮುಕಿಸಿ, ಗಾಳಿಯ ತೇವ ಆರದಂತೆ ಕಾದರು. ಹಸುಗೂಸಿನ ಆರೈಕೆಯೂ ಅಷ್ಟು ನಿಗಾದಿಂದ ನಡೆದದ್ದು ನಾನು ಕಂಡಿಲ್ಲ. ನನಗಂತೂ ಅವರೆಂದರೆ ಆವತ್ತಿನಿಂದ ಆರಾಧನೆ.

ಆದರೆ ಅದೇ ಬೇಸಿಗೆಯಲ್ಲಿ ನಲ್ಲಿ ನೀರು ಒಂದು ದಿನ ಬಂದರೆ ಒಂದು ದಿನ ಇಲ್ಲವೆಂದಾಗಿ ಬೀದಿಯವರೆಲ್ಲ ಸಂಪು ತೋಡಿಸತೊಡಗಿದರು. ನಮಗೂ ಬೇಕಾಯಿತು. ಬೀದಿಯ ನೀರಿನ ಪೈಪು ಒಳಬರುವುದು ಗೇಟಿನ ಹತ್ತಿರ, ಸಂಪೂ ಅಲ್ಲೇ ಆಗಬೇಕು. ಗೇಟಿನ ಒಂದು ಪಕ್ಕ ಗಿಡ, ಇನ್ನೊಂದು ಪಕ್ಕ ತಾತನ ಕಲ್ಲುಬೆಂಚು. ಬೆಳಗಿನ ಪೇಪರು, ಕಾಫಿ, ಹೋಗಿಬರುವವರ ಜೊತೆ ವಾದ, ಎಲ್ಲ ಅದರ ಮೇಲೇ. ಅದನ್ನು ಮುಟ್ಟುವಂತಿರಲಿಲ್ಲ.

"ದಸರಾ ಆಗ್ಲಿ. ಅಷ್ಟರೊಳಗೆ ಬಾಯಿಗಿಡೋ ಅಂಥ ಹಣ್ಣು ಕೊಟ್ರೆ ಸರಿ, ಇಲ್ದಿದ್ರೆ ಗಿಡ ಕಿತ್ತು ಅಲ್ಲೇ ಸಂಪು" ಎಂದರು ತಾತ.

"ಆಗ್ಲಿ ಮಾವ" ಎಂದರು ದೊಡ್ಡಮ್ಮ.

ಹೂ ಬಂತು. ಬಹಳಷ್ಟು ಉದುರಿ ಎರಡೇ ಕಾಯಿ ನಿಂತವು. ಗಣೇಶನ ಹಬ್ಬದ ಹೊತ್ತಿಗೆ ಅವು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ದೊಡ್ಡಮ್ಮ ಅಡುಗೆಮನೆಯಲ್ಲಿ ಕಡುಬು ಮಾಡುತ್ತಿದ್ದಾಗ, ಗಿಡದ ಮೊದಲ ಹಣ್ಣು ದೇವರಿಗೆ ಎಂದು ಅಜ್ಜಿ ಒಂದನ್ನು ಕಿತ್ತು ನೈವೇದ್ಯಕ್ಕಿಟ್ಟರು. ಮಂಗಳಾರತಿಯಾಗಿ ಹೋಳುಗಳು ಎಲ್ಲರ ಕೈಗೂ ಬಂದವು.

"ಅಯ್ಯೋ ಅತ್ತೆ, ಅದಿನ್ನೂ ಮೆತ್ತಗಾಗಿಲ್ಲ!" ಎಂದು ದೊಡ್ಡಮ್ಮ ಓಡಿ ಬರುವಷ್ಟರಲ್ಲಿ ನಾವೆಲ್ಲ ಬಾಯಿಗೆ ಹಾಕಿಕೊಂಡಾಗಿತ್ತು. ಬಣ್ಣ ಬಂದರೂ ಮೆತ್ತಗಾಗದ ಪರ್ಸಿಮನ್ನಿನ ಒಗರು ಶತ್ರುವಿಗೂ ಬೇಡ. ನಾಲಿಗೆ ಮರಗಟ್ಟಿತು. ಉಗುಳೋಣವೆಂದರೆ ಪ್ರಸಾದ! ಸಾಲಾಗಿ ಕೂತು, ಮುಖ ಕಿವುಚಿ, ಕಣ್ಣಲ್ಲಿ ನೀರು ತುಂಬಿಕೊಂಡು ಎಲ್ಲರೂ ನುಂಗಿದೆವು.

ತಾತ ಒಂದು ಚೊಂಬು ನೀರು ಗಟಗಟ ಕುಡಿದು, "ಆಯ್ತಲ್ಲಮ್ಮ, ನೋಡಿದ್ದಾಯ್ತು" ಎಂದರು. ನಗುತ್ತಿದ್ದ ನಾನು ದೊಡ್ಡಮ್ಮನ ಮುಖ ನೋಡಿ ನಿಲ್ಲಿಸಿದೆ. ತುಂಬ ಸಂಕಟವಾಯಿತು.

ಉಳಿದೊಂದು ಹಣ್ಣು ಚೆನ್ನಾಗಿ ಬಲಿಯುವವರೆಗೆ ಗಿಡದಲ್ಲೇ ಇತ್ತು. ಆಮೇಲೆ ದೊಡ್ಡಮ್ಮ ಅದನ್ನು ತೊಟ್ಟಿನ ಸಮೇತ ಕಿತ್ತು, ಸಪೋಟ ಮಾಗಿಸುವ ಹಾಗೆ ಅಕ್ಕಿ ಡಬ್ಬದಲ್ಲಿ ಹುಗಿದರು. ಅಕ್ಕಿ ತೆಗೆಯುವಾಗಲೆಲ್ಲ ಬೆರಳಿನಿಂದ ಮುಟ್ಟಿ ನೋಡಿ, "ಇನ್ನೂ ಇಲ್ಲ" ಎನ್ನುತ್ತಿದ್ದರು. ವಿಜಯದಶಮಿಯೂ ಮುಗಿಯಿತು. ಮಾರನೇ ದಿನ ಗುದ್ದಲಿ ಹಿಡಿದ ಕೆಲಸದವರು ಗೇಟಿಗೆ ಬಂದರು. ತಾತ ಗಿಡದ ಕಡೆ ಕೈ ತೋರಿಸಿದರು.

ದೊಡ್ಡಮ್ಮ ಒಳಗೆ ಹೋಗಿ ಸ್ಟೀಲ್ ಬಟ್ಟಲಲ್ಲಿ ಹಣ್ಣು ತಂದರು. ಸಿಪ್ಪೆ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ತಿರುಳು ಕಾಣುತ್ತಿತ್ತು. "ಮಾವ, ಇದನ್ನ ತಿಂದು ಆಮೇಲೆ ಹೇಳಿ" ಎಂದು ಚಮಚ ಕೊಟ್ಟರು.

ಗಣೇಶನ ಹಬ್ಬದ ದಿನದ ಒಗರು ನೆನೆದು ತಾತ ಚಮಚದ ತುದಿಯಷ್ಟೇ ನೆಕ್ಕಿದರು. ಆಮೇಲೆ ಒಂದು ಚಮಚ. ಇನ್ನೊಂದು. ಅರ್ಧಕ್ಕೆ ನಿಲ್ಲಿಸಿ ಬಟ್ಟಲನ್ನು ದೊಡ್ಡಮ್ಮನತ್ತ ಚಾಚಿದರು. "ತಗೋಮ್ಮ. ಬೆಳೆಸಿದೋಳು ನೀನು, ನೀನೇ ತಿಂದಿಲ್ವಲ್ಲ." ಕೆಲಸದವರ ಕಡೆ ತಿರುಗಿ, "ಆ ಬೆಂಚು ಎತ್ರಪ್ಪ, ಅಲ್ಲಿ ತೋಡಿ. ನಾನು ಎಲ್ಲಾದ್ರೂ ಕೂತ್ಕೋತೀನಿ" ಎಂದರು. ದೊಡ್ಡಮ್ಮ ಅಂಗಳದಲ್ಲಿ ನಿಂತೇ, ಅಳುತ್ತಾ, ಬಟ್ಟಲು ಖಾಲಿ ಮಾಡಿದರು.

ಆಮೇಲೆ ತಾತನ ಮಡಚುವ ಕುರ್ಚಿ ಗಿಡದ ಪಕ್ಕಕ್ಕೆ ಬಂತು. ಡಿಸೆಂಬರಿನಲ್ಲಿ ಎಲೆಗಳು ಅವರ ಪೇಪರಿನ ಮೇಲೇ ಉದುರಿದವು. ಬೋಳು ಕಡ್ಡಿಗಳನ್ನು ನೋಡಲಾರದೆ ಅಜ್ಜಿ ಮತ್ತೆ ಚೊಂಬು ಹಿಡಿದು ಬಂದಾಗ, ತಾತ ಪೇಪರು ಪಕ್ಕಕ್ಕಿಟ್ಟು ಕೈ ಅಡ್ಡ ಹಿಡಿದರು.

"ಎಬ್ಬಿಸ್ಬೇಡ ಕಣೇ" ಎಂದರು ಮೆಲ್ಲಗೆ. "ಮಲಗಿದೆ."