ಮುಂದಿನ ಎರಡು ಟೈರು

ಆಗ ನಮ್ಮ ಅಫಜಲಪುರದ ಮೋಟಾರುಗಳೆಲ್ಲ ಕಲ್ಲಿನ ಮೇಲೆ ನಿಂತಿರುತ್ತಿದ್ದವು. ಎಲ್ಲ ಎಂದರೆ ನಾಲ್ಕೋ ಐದೋ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಮಕ್ಕಳಾದ ನಮಗೆ ಅದು ಗೊತ್ತಾಗುತ್ತಿದ್ದುದು ಅಂಗಡಿಯಿಂದ ಬರಿಗೈಯಲ್ಲಿ ಮರಳುವಾಗ. ಚಿಮಣಿ ಎಣ್ಣೆ ಇಲ್ಲ, ಸೂಜಿ ಇಲ್ಲ, ಒಳ್ಳೆಯ ಅರಿವೆ ಇಲ್ಲ. ರಬ್ಬರಂತೂ ಕಣ್ಣಿಗೇ ಬೀಳುತ್ತಿರಲಿಲ್ಲ. ಟೈರು ಸವೆದ ಮೋಟಾರನ್ನು ಅದರ ಧಣಿ ನಾಲ್ಕು ಕಲ್ಲು ಕೊಟ್ಟು ನಿಲ್ಲಿಸಿ, ಮೇಲೆ ಗೋಣಿತಟ್ಟು ಹೊದಿಸಿಬಿಡುತ್ತಿದ್ದ. ಒಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ನಮ್ಮ ಮನೆಯದು ಮಾತ್ರ ಓಡುತ್ತಿತ್ತು. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಕಟ್ಟಿಗೆಯ ತೆರೆದ ತೊಟ್ಟಿ. ಈಗಿನವರು ಪಿಕಪ್ ಅನ್ನುತ್ತಾರಲ್ಲ, ಅಂಥದು. ಅತನೂರು, ಘತ್ತರಗಿ ಕಡೆಯಿಂದ ಶೇಂಗಾ, ಬೆಲ್ಲ ಹೇರಿಕೊಂಡು ಗುಲ್ಬರ್ಗದ ರೈಲು ಟೇಸನ್ನಿಗೆ ಮುಟ್ಟಿಸುವುದು ಅದರ ಕೆಲಸ. ಚೀಲಗಳ ಮೇಲೆ ಜನರೂ ಹತ್ತಿ ಕೂರುತ್ತಿದ್ದರು. ದವಾಖಾನೆಗೆ ಹೊರಟ ಬಸುರಿಯರು, ಹರಕೆ ಹೊತ್ತು ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೊರಟ ಮುದುಕಿಯರು, ಅವರ ಬುತ್ತಿಗಂಟುಗಳು.

ಅದನ್ನು ಓಡಿಸುತ್ತಿದ್ದವನು ಖಾಸಿಂ ಚಾಚಾ. ಜೇವರ್ಗಿಯವನು. ನಾನು ಹುಟ್ಟುವ ಮೊದಲೇ ಅಪ್ಪನ ಹತ್ತಿರ ಕೆಲಸಕ್ಕೆ ಸೇರಿದ್ದ. ಉದ್ದನೆಯ ತೆಳ್ಳನೆಯ ಆಳು. ಅವನು ಹತ್ತಿರ ಬಂದರೆ ಪೆಟ್ರೋಲಿನ ವಾಸನೆ, ಶುಕ್ರವಾರವಾದರೆ ಅದರ ಮೇಲೆ ಅತ್ತರಿನ ವಾಸನೆ. ಮೋಟಾರು ಅಂಗಳದಲ್ಲಿ ನಿಂತ ಹೊತ್ತು ನಾನೂ ಪಕ್ಕದ ಮನೆಯ ಕಾಶೀಬಾಯಿಯೂ ಅದರ ನೆರಳಿನಲ್ಲಿ ಗಜ್ಜುಗ ಆಡುತ್ತಿದ್ದೆವು. ಚಾಚಾ ಒಮ್ಮೊಮ್ಮೆ ನನ್ನನ್ನು ಎತ್ತಿ ಮೋಟಾರು ತಿರುಗಿಸುವ ಚಕ್ರದ ಮುಂದೆ ಕೂರಿಸಿ, "ಹೂಂ, ಹೋಗೂಣು ನಡಿ ಬೇಟಿ, ಹೈದರಾಬಾದಿಗಿ" ಅನ್ನುತ್ತಿದ್ದ. ನಿಂತ ಮೋಟಾರಿನಲ್ಲಿ ನಾನು ಹೈದರಾಬಾದಿಗೆ ಎಷ್ಟು ಸಲ ಹೋಗಿ ಬಂದೆನೋ ಲೆಕ್ಕವಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ, ದಸರೆ ಮುಗಿದು ಶೇಂಗಾ ಕೀಳುವ ಹೊತ್ತಿಗೆ, ಮುಂದಿನ ಎರಡು ಟೈರು ಸವೆದು ಒಳಗಿನ ದಾರ ಹೊರಗೆ ಬಂತು. ಅಪ್ಪ ಕಟ್ಟೆಯ ಮೇಲೆ ಕೂತು ಚಾಚಾನನ್ನು ಕರೆದ.

"ಸೊಲ್ಲಾಪುರದಾಗ ರಿಸೋಲ್ ಟೈರ ಸಿಗ್ತಾವಂತ ಖಾಸಿಂ. ಹಳೇ ಟೈರಿನ ಮ್ಯಾಲ ಹೊಸಾ ರಬ್ಬರ ಕೂಡಿಸಿ ಕೊಡ್ತಾರ. ಹೊಸಾವು ಬೇಕಂದ್ರ ಕಚೇರಿ ಪರವಾನಗಿ ಬೇಕು. ಎಷ್ಟ ದಿನ ಅಲಿಬೇಕೋ ಏನೋ."

"ಹಿಂದಿನ ಗಾಲಿಗಿ ರಿಸೋಲ್ ಹಾಕ್ರಿ ಸಾವಕಾರ, ನಾ ಬ್ಯಾಡ ಅನ್ನಂಗಿಲ್ಲ. ಹಿಂದಿಂದು ಒಡದ್ರ ಮೋಟಾರ ಕುಂಡ್ರತದ. ಮುಂದಿಂದು ಒಡದ್ರ ಚಕ್ರ ಕೈಯಾಗ ಉಳಿಯಂಗಿಲ್ರಿ."

"ಛಲೋ ಕೂಡಿಸಿದ್ದು ಹೊಸಾದಕಿಂತ ಕಮ್ಮಿ ಇಲ್ಲ ಅಂತಾರ."

"ಮ್ಯಾಲ ಕೂಡಿಸಿದ್ದು ಛಲೋನ ಇರ್ತದ್ರಿ. ಒಳಗಿನ ಹಳೇದು ಎಷ್ಟ ದಣದದ ಅಂಬೂದು ಯಾರಿಗಿ ಗೊತ್ತು? ಚೀಲದ ಮ್ಯಾಲ ಮಂದಿ ಕುಂತಿರ್ತಾರ. ಮುಂದ ರಿಸೋಲ್ ಹಾಕಿದ್ರ ನಾ ಚಕ್ರ ಮುಟ್ಟಂಗಿಲ್ರಿ. ಸಿಟ್ಟಾಗಬ್ಯಾಡ್ರಿ."

ಅಪ್ಪ ಸಿಟ್ಟಾಗಲಿಲ್ಲ. ನಕ್ಕ. "ನೀ ಸಾವಕಾರ, ನಾ ಡ್ರೈವರ್ ಆದಂಗಾತು ನೋಡು" ಅಂದ. ಮರುದಿನದಿಂದಲೇ ಕಚೇರಿಗೆ ಅಲೆಯತೊಡಗಿದ. ನಮ್ಮ ಮೋಟಾರು ಸರಕಾರದ ಕಾಳನ್ನೂ ಹೊರುತ್ತಿದ್ದುದರಿಂದ ಕಡೆಗೆ ಎರಡು ಟೈರಿಗೆ ಪರವಾನಗಿ ಸಿಕ್ಕಿತು. ಆಳು ಹೇಳಿದ ಮಾತಿಗೆ ತಿಂಗಳು ಅಲೆದ ಅಪ್ಪನಂಥವರು ಇನ್ನೊಬ್ಬರಿಲ್ಲ ಎಂದು ನಾನು ಕಾಶೀಬಾಯಿಯ ಮುಂದೆ ಎದೆ ಉಬ್ಬಿಸಿ ಹೇಳಿದೆ.

ಹೊಸ ಟೈರು ಬಂದ ದಿನ ನಮ್ಮ ಅಂಗಳಕ್ಕೆ ಓಣಿಗೆ ಓಣಿಯೇ ಬಂತು. ಕಪ್ಪಗೆ, ಮಿರಮಿರ ಮಿಂಚುತ್ತಿದ್ದ ಅವುಗಳ ಮೈಮೇಲೆ ಸಣ್ಣ ಸಣ್ಣ ರಬ್ಬರಿನ ಕೂದಲು. ನಾನು ಕೀಳಲು ಹೋದರೆ ಚಾಚಾ, "ಅದರ ಮೀಸಿ ಯಾಕ ಕೀಳ್ತಿ ಬೇಟಿ?" ಅಂದ. ಅವ್ವ ಅವಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಚಾಚಾ ತಾನೇ ಕೂತು ಎರಡನ್ನೂ ಮುಂದಿನ ಗಾಲಿಗೆ ಏರಿಸಿದ.

ಅದಾದ ಹದಿನೈದು ದಿನಕ್ಕೆ ಆಳಂದದಿಂದ ಬೀಗರು ಬಂದರು. ಶಾಂತಕ್ಕನ ಮದುವೆ ಮಾತು ಗಟ್ಟಿಯಾಗುವುದಿತ್ತು. ಗಂಡಿನ ಸೋದರಮಾವ ಊಟಕ್ಕೆ ಕೂರುವ ಮೊದಲು ಅಂಗಳದಲ್ಲಿ ನಮ್ಮ ಮೋಟಾರನ್ನು ಒಂದು ಸುತ್ತು ಹಾಕಿ ಬಂದದ್ದನ್ನು ನಾನು ನೋಡಿದೆ. ಹೋಳಿಗೆ ಉಂಡು, ಎಲೆ ಅಡಿಕೆ ಹಾಕಿ ಅವರು ಹೊರಟ ಮೇಲೆ ಅಪ್ಪ ಅಡಿಗೆಮನೆಗೆ ಬಂದು ಅವ್ವನ ಎದುರು ಮಣೆಯ ಮೇಲೆ ಕೂತ. ನಾನು ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದೆ.

"ಬಂಗಾರ ಕೇಳಲಿಲ್ಲ ಅವರು. ಅವರ ಕಾರ ಕಲ್ಲಿನ ಮ್ಯಾಲ ನಿಂತದಂತ. ಮದುಮಗ ಕಾರಿನಾಗ ಬರಬೇಕು ಅಂತಾರ. ಎರಡ ಟೈರ ಕೊಡ್ರಿ ಅಂದ್ರು."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಖಾಸಿಂಗ ಏನ ಹೇಳ್ತೀರಿ?"

"ಖಾಸಿಂಗ ಯಾಕ ಹೇಳಬೇಕು? ಮೋಟಾರ ಅವಂದೇನು?"

ಅವ್ವ ಮತ್ತೆ ರೊಟ್ಟಿ ಬಡಿದಳು. ಅಪ್ಪ ಆ ದನಿಯಲ್ಲಿ ಚಾಚಾನ ಹೆಸರು ಹಿಡಿದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ವಾರವೇ ಚಾಚಾ ತಮ್ಮನ ಮದುವೆಗೆಂದು ಎಂಟು ದಿನ ರಜೆ ಕೇಳಿ ಜೇವರ್ಗಿಗೆ ಹೋದ. ಅವನು ಹೋದ ಮೂರನೆಯ ದಿನ ಒಂದು ಬಂಡಿ ಬಂತು. ಹುಲ್ಲಿನಡಿ ಎರಡು ಟೈರು. ಬಂಡಿಯ ಜೊತೆ ಬಂದ ಇಬ್ಬರು ನಮ್ಮ ಹೊಸ ಟೈರು ಬಿಚ್ಚಿ, ಗೋಣಿತಟ್ಟಿನಲ್ಲಿ ಸುತ್ತಿ, ಅದೇ ಹುಲ್ಲಿನಲ್ಲಿ ಮುಚ್ಚಿ ಆಳಂದದ ದಾರಿ ಹಿಡಿದರು. ಅವರು ಹಾಕಿಹೋದವೂ ಕಪ್ಪಗೆ ಮಿಂಚುತ್ತಿದ್ದವು. ನೆಲ ತಾಕುವ ಭಾಗವೆಲ್ಲ ಹೊಚ್ಚ ಹೊಸದು. ಟೈರಿನ ಪಕ್ಕೆಗೆ ಮಾತ್ರ ಏನೋ ಕರಿ ಬಣ್ಣ ಬಳಿದಿದ್ದರು. ನಾನು ಬೆರಳಿಟ್ಟರೆ ಬೆರಳಿಗೆ ಹತ್ತಿತು.

ಅಪ್ಪ ನನ್ನನ್ನು ಹತ್ತಿರ ಕರೆದು ಬೆಲ್ಲದ ತುಂಡು ಕೊಟ್ಟ. "ನೀಲಿ, ಇದು ಅಕ್ಕನ ಮದುವಿ ಮಾತು. ನೀ ಶಾಣ್ಯಾಕಿ ಅದಿ. ಯಾರ ಮುಂದೂ ಬಾಯಿ ಬಿಡಬ್ಯಾಡ."

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ದಿನ ಹೆಮ್ಮೆಯಾಗಿತ್ತು. ಅಕ್ಕನಿಗೂ ಗೊತ್ತಿಲ್ಲದ ಗುಟ್ಟನ್ನು ಅಪ್ಪ ನನಗೆ ಕೊಟ್ಟಿದ್ದ.

ಚಾಚಾ ಜೇವರ್ಗಿಯಿಂದ ನನಗೆ ಹಸಿರು ಗಾಜಿನ ಬಳೆ ತಂದಿದ್ದ. ಬಳೆ ಕೊಟ್ಟು, ಅವ್ವನ ಕೈಯಿಂದ ನೀರು ಇಸಿದುಕೊಂಡು ಕುಡಿದು, ಮೋಟಾರಿನ ಹತ್ತಿರ ಹೋದ. ಮುಂದಿನ ಗಾಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಹೆಬ್ಬೆರಳಿನಿಂದ ಉಜ್ಜಿದ. ಬಹಳ ಹೊತ್ತು ಏಳಲಿಲ್ಲ. ಅಪ್ಪ ಒಳಗಿನಿಂದ ಬಂದ. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ.

"ಸಾವಕಾರ, ಇವು ನಾ ಏರಿಸಿದ್ದ ಟೈರ ಅಲ್ರಿ."

"ಒಂದರಾಗ ಸೀಳ ಬಂದಿತ್ತು ಖಾಸಿಂ. ಎರಡೂ ತಿರುಗಿ ಕೊಟ್ಟು ಬ್ಯಾರೆ ತರಿಸೀನಿ. ಇವೂ ಹೊಸಾವ."

"ಬಾಜೂಕ ಬಣ್ಣ ಹಚ್ಯಾರಲ್ರಿ."

"ಯುದ್ಧದ ಮಾಲ ಹಂಗ ಬರ್ತದ. ನನ್ನ ಮಾತಿನ ಮ್ಯಾಲ ಭರೋಸಾ ಇಲ್ಲೇನು?"

ಚಾಚಾ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದ. ಆಗ ಅಪ್ಪ ತನ್ನ ಬಲಗೈಯನ್ನು ನನ್ನ ತಲೆಯ ಮೇಲೆ ಇಟ್ಟ.

"ಈ ನನ್ನ ಮಗಳ ಆಣಿ. ಇವು ಹೊಸಾವ ಅದಾವ. ಸಾಕಾತೇನು?"

"ಸಾವಕಾರ, ಬ್ಯಾಡ್ರಿ, ಅಷ್ಟಕ್ಯಾಕ ಆಣಿ ಮಾಡ್ತೀರಿ" ಎಂದು ಚಾಚಾ ಗಾಬರಿಯಿಂದ ಎದ್ದು ನಿಂತ. ನನ್ನ ಕೆನ್ನೆ ಮುಟ್ಟಿ ಬೆರಳನ್ನು ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದ. ಮಾರನೆಯ ದಿನ ಬೆಳಿಗ್ಗೆ ಮೋಟಾರು ತೆಗೆದ.

ಸುಳ್ಳು ಆಣೆ ಮಾಡಿದರೆ ಯಾರ ತಲೆ ಮುಟ್ಟಿರುತ್ತಾರೋ ಅವರು ಸಾಯುತ್ತಾರೆ ಎಂದು ನಮ್ಮೂರಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ನಾನು ಸಾಯುವುದನ್ನು ಕಾಯತೊಡಗಿದೆ. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದೆ. ನನ್ನ ಗಜ್ಜುಗಗಳನ್ನೆಲ್ಲ ಕಾಶೀಬಾಯಿಗೆ ಕೊಟ್ಟುಬಿಟ್ಟೆ. "ಯಾಕ?" ಎಂದು ಅವಳು ಕೇಳಿದರೆ, "ನಂಗ ಬ್ಯಾಡ" ಅಂದೆ. ಸಾವಿನ ಹೆದರಿಕೆ ಒಂದಾದರೆ, ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಪ್ಪನಿಗೂ ಆ ಮಾತು ಗೊತ್ತಿದೆಯಲ್ಲ, ಗೊತ್ತಿದ್ದೂ ನನ್ನ ತಲೆಯನ್ನೇ ಏಕೆ ಮುಟ್ಟಿದ? ತನ್ನ ತಲೆ ಇರಲಿಲ್ಲವೇ? ಅಕ್ಕನದು ಇರಲಿಲ್ಲವೇ? ರೊಟ್ಟಿ ತಿನ್ನುವಾಗೆಲ್ಲ ಅಪ್ಪನ ಮುಖ ನೋಡುತ್ತಿದ್ದೆ. ಅಪ್ಪ ನೆಮ್ಮದಿಯಿಂದ ಮಜ್ಜಿಗೆ ಸುರಿದುಕೊಂಡು ಉಣ್ಣುತ್ತಿದ್ದ. ನಾನು ಸತ್ತರೂ ಆದೀತು ಎಂದು ಅಪ್ಪ ಎಣಿಸಿರಬೇಕು ಎಂದೇ ನಾನು ತಿಳಿದೆ.

ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆಯ ಹಿಂದಿನ ದಿನ. ಮನೆಯಲ್ಲಿ ಸಜ್ಜೆ ಕಡುಬಿನ ಹಿಟ್ಟು ನಾದುತ್ತಿದ್ದರು. ಭಜ್ಜಿಗೆ ತರಕಾರಿ ಹೆಚ್ಚಿದ ಹಸಿವಾಸನೆ ಪಡಸಾಲೆಯವರೆಗೂ ಬರುತ್ತಿತ್ತು. ಮಧ್ಯಾಹ್ನ ಒಬ್ಬ ಓಡಿಬಂದು ಹೇಳಿದ: ಘತ್ತರಗಿಯಿಂದ ಬರುವಾಗ ಹಳ್ಳದ ಇಳಿಜಾರಿನಲ್ಲಿ ಮುಂದಿನ ಟೈರು ಒಡೆದು, ಮೋಟಾರು ದಾರಿ ಬಿಟ್ಟು ಜಾಲಿಮರಕ್ಕೆ ಬಡಿದಿದೆ. ಚೀಲದ ಮೇಲಿದ್ದ ಮೂವರು ಎರೆಹೊಲದ ಮೆತ್ತನೆಯ ಮಣ್ಣಿಗೆ ಬಿದ್ದು ತರಚುಗಾಯದಲ್ಲಿ ಉಳಿದರು. ಚಾಚಾ ಚಕ್ರ ಬಿಟ್ಟಿರಲಿಲ್ಲ. ಅವನ ಬಲಗೈ ಬಾಗಿಲಿಗೆ ಸಿಕ್ಕು ಎರಡು ಕಡೆ ಮುರಿದಿತ್ತು.

ಸುದ್ದಿ ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ಆಣೆಯ ಪೆಟ್ಟು ಬೇರೆ ಕಡೆ ಬಿತ್ತು, ಸಾಯಬೇಕಾದ ನಾನು ಸಾಯಲಿಲ್ಲ ಎಂಬ ಸಮಾಧಾನ. ಅದು ನೆನಪಾದಾಗ ಇಂದಿಗೂ ತಲೆ ತಗ್ಗಿಸುತ್ತೇನೆ.

ಸಂಜೆ ಕಟ್ಟೆಯ ಮೇಲೆ ಸೇರಿದ ಜನಕ್ಕೆ ಅಪ್ಪ ಹೇಳುತ್ತಿದ್ದ: "ಜೋರ ಓಡಸಬ್ಯಾಡ ಅಂತ ಎಷ್ಟ ಸಲ ಹೇಳೀನಿ ಅವಗ. ಕೇಳಬೇಕಲ್ಲ. ಹೊಸಾ ಟೈರ ನೋಡ್ರಿ, ಹೊಸಾ ಟೈರ!" ಎಲ್ಲರೂ ತಲೆದೂಗಿದರು. ನಾನು ಅವ್ವನನ್ನು ನೋಡಿದೆ. ಅವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಮರುದಿನ ಎಲ್ಲರೂ ಹಬ್ಬದ ಅಡಿಗೆಯನ್ನು ಬೆಳೆಗೆ ಎರಚಿ ಚರಗ ಚೆಲ್ಲಲು ಹೊಲಕ್ಕೆ ಹೊರಟಾಗ ಅವ್ವ ಒಂದು ಬುಟ್ಟಿಯಲ್ಲಿ ಭಜ್ಜಿ, ಕಡುಬು, ರೊಟ್ಟಿ ಕಟ್ಟಿ ನನ್ನ ಕೈಗೆ ಕೊಟ್ಟಳು. "ಖಾಸಿಂಗ ಕೊಟ್ಟ ಬಾ." ಅಷ್ಟೇ ಅಂದಳು.

ಮಸೀದಿಯ ಹಿಂದಿನ ಓಣಿಯಲ್ಲಿ ಅವನ ಒಂದೇ ಖೋಲಿ. ಕೈಗೆ ಬಿದಿರುಸೀಳು ಕಟ್ಟಿ, ಮೇಲೆ ಅದೇನೋ ಸೊಪ್ಪು ಅರೆದು ಮೆತ್ತಿದ್ದರು. ನನ್ನನ್ನು ನೋಡಿ ನಗಲು ನೋಡಿದ. ಬುಟ್ಟಿ ಇಟ್ಟವಳೇ ನಾನು ಅಂದುಬಿಟ್ಟೆ:

"ಚಾಚಾ, ಅವು ಹೊಸಾವ ಅಲ್ಲ."

"ಗೊತ್ತದ ಬೇಟಿ."

"ಯಾವಾಗ ಗೊತ್ತಾತು?"

"ಕೈ ಮುಟ್ಟಿದಾಗೇ ಗೊತ್ತಾತು."

"ಮತ್ಯಾಕ ಓಡಿಸಿದ್ರಿ?"

"ನಿಮ್ಮಪ್ಪ ನಿನ್ನ ತಲಿ ಮ್ಯಾಲ ಕೈ ಇಟ್ಟ. ನನ್ನ ಬೆರಳೇ ಸುಳ್ಳ ಹೇಳಾಕತ್ತಾವ ಅನಕೊಂಡೆ. ಯಾವ ತಂದಿ ಮಗಳ ತಲಿ ಮ್ಯಾಲ ಸುಳ್ಳ ಆಣಿ ಮಾಡ್ತಾನ?" ಆಮೇಲೆ ಮೆಲ್ಲಗೆ ಕೇಳಿದ. "ನಿಂಗ ಮೊದಲೇ ಗೊತ್ತಿತ್ತೇನು?"

ನಾನು ಕೈಯ ಹಸಿರು ಬಳೆ ತಿರುಗಿಸತೊಡಗಿದೆ. ಅದೇ ಉತ್ತರವಾಯಿತು. ಚಾಚಾ ಗೋಡೆಯ ಕಡೆಗೆ ಮುಖ ತಿರುಗಿಸಿದ.

"ಮನಿಗಿ ಹೋಗು. ನಿಮ್ಮವ್ವ ದಾರಿ ನೋಡತಿರತಾಳ."

ಬೇಟಿ ಅನ್ನಲಿಲ್ಲ.

ಸಂಕ್ರಾಂತಿಗೆ ಮೊದಲೇ ಅವನ ತಮ್ಮ ಬಂಡಿ ಕಟ್ಟಿಕೊಂಡು ಬಂದು ಅವನನ್ನು ಜೇವರ್ಗಿಗೆ ಕರೆದುಕೊಂಡು ಹೋದ. ಅಪ್ಪ ಬಂಡಿಗೆ ಹಾಕಿಸಿದ್ದ ಜೋಳದ ಚೀಲವನ್ನು ಊರ ಅಗಸೆ ಬಾಗಿಲ ಹತ್ತಿರವೇ ಇಳಿಸಿ ಹೋಗಿದ್ದರು. ಯಾರೋ ಹೊತ್ತು ತಂದು ಕೊಟ್ಟರು. ಕೈ ನೆಟ್ಟಗೆ ಕೂಡಲಿಲ್ಲ, ಮತ್ತೆ ಚಕ್ರ ಹಿಡಿಯಲಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಅವನನ್ನು ಮತ್ತೆ ನೋಡಲಿಲ್ಲ.

ಅಕ್ಕನ ಮದುವೆ ಆಯಿತು. ಮದುಮಗ ಕಾರಿನಲ್ಲೇ ಬಂದ. ಜನ ಟೈರು ಮುಟ್ಟಿ ಮುಟ್ಟಿ ನೋಡಿದರು. ಬಹಳ ವರ್ಷಗಳ ಮೇಲೆ, ನಾವಿಬ್ಬರೂ ಮೊಮ್ಮಕ್ಕಳನ್ನು ಕಂಡ ಮೇಲೆ, ಶಾಂತಕ್ಕ ಹರಟೆಯಲ್ಲಿ ಒಂದು ಮಾತು ಹೇಳಿದಳು. ಮದುವೆ ಮೆರವಣಿಗೆ ಮುಗಿಸಿ ಆಳಂದಕ್ಕೆ ಹೋದ ಆ ಕಾರು ಪೆಟ್ರೋಲು ಸಿಗದೆ ಮತ್ತೆ ಕಲ್ಲಿನ ಮೇಲೇ ನಿಂತಿತಂತೆ. ಟೈರು ಬಿಸಿಲಿಗೆ ಬಿರಿದು ಹೋದವಂತೆ. "ಎಂಥಾ ಹುಚ್ಚ ಮಂದಿ ಅಂತೀ ನಮ್ಮವರು!" ಎಂದು ನಕ್ಕಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾನೂ ನಕ್ಕೆ.

ಅಪ್ಪ ಕೆಟ್ಟವನಾಗಿರಲಿಲ್ಲ. ನನಗೆ ಒಂದು ಏಟೂ ಹೊಡೆದವನಲ್ಲ. ನನ್ನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನು. ಆ ಆಣೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಈಗ ಅಫಜಲಪುರದ ರಸ್ತೆಯ ಎರಡೂ ಬದಿಗೆ ಟೈರಿನ ಅಂಗಡಿಗಳು. ಹೊಸದು ಬೇಕಾದರೆ ಹೊಸದು, ರಿಸೋಲ್ ಬೇಕಾದರೆ ರಿಸೋಲ್, ಕೇಳಿದ್ದನ್ನು ಕೊಡುತ್ತಾರೆ. ಆ ಚಳಿಗಾಲದಲ್ಲಿ ನಾನು ಕಳೆದುಕೊಂಡದ್ದು ಮಾತ್ರ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅದಕ್ಕೆ ಮೊದಲು ಅಪ್ಪ ಪಡಸಾಲೆಯಿಂದ "ಮಳಿ ಬಂತು" ಎಂದು ಕೂಗಿದರೆ, ನಾನು ಮಾಳಿಗೆಯ ಮೇಲೆ ಒಣಹಾಕಿದ ಅರಿವೆ ಎತ್ತಲು ಕಣ್ಣು ಮುಚ್ಚಿ ಓಡುತ್ತಿದ್ದೆ. ಆ ವರ್ಷದಿಂದ ಅಪ್ಪ ಕೂಗಿದಾಗೆಲ್ಲ, ಮೊದಲು ಅಂಗಳಕ್ಕೆ ಹೋಗಿ ಆಕಾಶ ನೋಡಿ ಬರತೊಡಗಿದೆ.