ಖಾಜಾ ಹೊಕ್ಕ ಪಾಳುಗುಡಿ

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಇದನ್ನು ಪೊಲೀಸರ ಮುಂದೆ ಒಮ್ಮೆ ಹೇಳಿದ್ದೇನೆ. ಖಾಜಾನ ತಾಯಿಯ ಮುಂದೆ ಎಷ್ಟು ಸಲ ಹೇಳಿದ್ದೇನೋ ಗೊತ್ತಿಲ್ಲ. ಎಲ್ಲಿಯೂ ಒಂದು ಮಾತು ಹೆಚ್ಚಿಗೆ ಸೇರಿಸಿಲ್ಲ.

ಸಿಂಧನೂರಿನಲ್ಲಿ ನನ್ನದೊಂದು ಫ್ಲೆಕ್ಸ್ ಬೋರ್ಡಿನ ಅಂಗಡಿ ಇದೆ. ಖಾಜಾ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಗಾರ, ನೆಲದೊಳಗೆ ಇಳಿಯುವವನು. ಲಿಂಗಸುಗೂರಿನ ಐಟಿಐನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವನಿಗೆ ಒಂದು ಹುಚ್ಚಿತ್ತು. ಪಾಳುಬಿದ್ದ ಗುಡಿಗಳನ್ನು ಹುಡುಕಿಕೊಂಡು ಹೋಗುವುದು. ವಾರದ ರಜೆ ಬಂದರೆ ಅವನು ಆ ಕಡೆಯಿಂದ ಬೈಕು ಹತ್ತುತ್ತಿದ್ದ, ನಾನು ಈ ಕಡೆಯಿಂದ. ಮಸ್ಕಿ ಬಸ್ ಸ್ಟ್ಯಾಂಡಿನ ಹತ್ತಿರ ಒಗ್ಗರಣಿ-ಮಿರ್ಚಿ ತಿಂದು, ಯಾರೋ ಕುರಿ ಕಾಯುವವರು ಹೇಳಿದ ಗುರುತು ಹಿಡಿದು ಗುಡ್ಡಗಳ ನಡುವೆ ನುಗ್ಗುತ್ತಿದ್ದೆವು. ಕಂಬ ಉರುಳಿದ ಗುಡಿ, ಮುಖ ಸವೆದ ವೀರಗಲ್ಲು, ಹೊಲದ ಬದುವಿಗೆ ಹಾಕಿದ ಶಾಸನದ ತುಂಡು... ಅವನು ಟೇಪು ಹಿಡಿದು ಎಲ್ಲವನ್ನೂ ಅಳೆದು ಬರೆದುಕೊಳ್ಳುತ್ತಿದ್ದ.

"ನಿನಗ್ಯಾಕೋ ಇದು?" ಎಂದು ಒಮ್ಮೆ ಕೇಳಿದ್ದೆ.

"ಯಾರೋ ಪುಣ್ಯಾತ್ಮ ಕೈಲೆ ಕಡದಾನ. ಯಾರರ ಒಬ್ರು ನೋಡಬೇಕಲ್ಲಲೇ."

ಆ ದಿನ ನಾವು ಹೋಗಿದ್ದು ಪಾಮನಕಲ್ಲೂರಿನಿಂದ ಆಚೆ, ಬಂಡೆಗಳ ಸಂದಿಯಲ್ಲಿ ಇದೆ ಎಂದು ಕೇಳಿದ್ದ ಒಂದು ಗುಡಿಗೆ. ಬೇಸಿಗೆ. ದಾರಿಯಲ್ಲಿ ಜಾಲಿ ಮುಳ್ಳು ಚುಚ್ಚಿ ನನ್ನ ಬೈಕು ಪಂಕ್ಚರ್ ಆಯಿತು. ಅದನ್ನು ತಳ್ಳಿಕೊಂಡು ವಾಪಸು ಊರಿಗೆ ಹೋಗಿ, ಪಂಕ್ಚರ್ ಹಾಕಿಸಿಕೊಂಡು ಮತ್ತೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ನಾಳೆ ನೋಡೋಣ ಎಂದೆ. ಖಾಜಾ ಕೇಳಲಿಲ್ಲ.

ಚಿಕ್ಕ ಗುಡಿ. ಮುಂದಿನ ಮಂಟಪ ಕುಸಿದಿತ್ತು. ಉಳಿದದ್ದು ಗರ್ಭಗುಡಿ ಒಂದೇ. ಅದಕ್ಕೆ ಒಂದೇ ಬಾಗಿಲು, ಕಿಟಕಿ ಇಲ್ಲ. ಮೊಬೈಲಿನ ಟಾರ್ಚ್ ಹಾಕಿ ಇಣುಕಿದೆ. ಮೂರು ಹೆಜ್ಜೆಯಷ್ಟೇ ಕೋಣೆ. ಮೂರ್ತಿ ಇಲ್ಲದ ಖಾಲಿ ಪೀಠ, ಮೂರು ಕಡೆ ಗೋಡೆ, ಬಾವಲಿಯ ಹಿಕ್ಕೆಯ ಘಾಟು. ಆ ಘಾಟಿನ ಕೆಳಗೆ ಇನ್ನೊಂದು ವಾಸನೆ... ಬೇಸಿಗೆಯಲ್ಲೂ ಹಸಿಯಾಗಿರುವ ಕಲ್ಲಿನದು.

"ಟೇಪಿನ ತುದಿ ಹಿಡ್ಕೋ. ಎರಡು ನಿಮಿಷ, ಬಂದೆ," ಎಂದು ಖಾಜಾ ಒಳಗೆ ಹೋದ.

ನಾನು ಹೊಸ್ತಿಲ ಹೊರಗೆ ನಿಂತು ತುದಿ ಹಿಡಿದೆ. ಟಾರ್ಚ್ ಆರಿಸಿದ್ದೆ. ಅವನ ಬಳಿ ಅವನ ಮೊಬೈಲ್ ಇತ್ತಲ್ಲ. ಟೇಪು ಸರ್ರನೆ ಬಿಚ್ಚಿಕೊಳ್ಳತೊಡಗಿತು. ಒಂದು ಮೀಟರ್. ಎರಡು. ಅಷ್ಟಕ್ಕೆ ಗೋಡೆ ಸಿಗಬೇಕಿತ್ತು. ಸಿಗಲಿಲ್ಲ. ಟೇಪು ಹೋಗುತ್ತಲೇ ಇತ್ತು. ಐದು ಮೀಟರೂ ಮುಗಿದು ಒಮ್ಮೆ ಬಿಗಿಯಾಯಿತು, ಆಮೇಲೆ ನನ್ನ ಬೆರಳುಗಳಿಂದ ಜಗ್ಗಿಕೊಂಡು ಒಳಗೆ ಹೋಯಿತು.

ಸುತ್ತ ಜೀರುಂಡೆಗಳ ಸದ್ದು ನಿಂತಿದ್ದು ಆಗ ಗಮನಕ್ಕೆ ಬಂತು.

"ಖಾಜಾ?"

ಟಾರ್ಚ್ ಹಾಕಿದೆ. ಖಾಲಿ ಪೀಠ. ಮೂರು ಗೋಡೆ. ಖಾಜಾ ಇರಲಿಲ್ಲ.

ಬೆಳಕು ಮೂಲೆ ಮೂಲೆಗೆ ಬಿಟ್ಟೆ. ಮುಂದೆ ಹೇಗಾಯಿತೋ ಹೇಳಲಾರೆ. ಏನೂ ಇಲ್ಲದಿದ್ದ ಕಡೆಯಿಂದ ಅವನು ಓಡಿ ಬಂದು ನನ್ನ ಮೇಲೆ ಬಿದ್ದ. ಇಬ್ಬರೂ ಹೊರಗೆ ಉರುಳಿದೆವು.

"ನೀರು..."

ಎರಡು ಬಾಟಲಿ ನೀರನ್ನು ಉಸಿರು ಬಿಡದೆ ಕುಡಿದ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಉಗುರುಗಳು ಕಿತ್ತುಹೋಗಿದ್ದವು. ಮೊಬೈಲ್ ಸತ್ತಿತ್ತು. ಟಾರ್ಚನ್ನು ಅವನ ಗಲ್ಲದ ಮೇಲೆ ಬಿಟ್ಟೆ. ಬೆಳಿಗ್ಗೆ ಮಸ್ಕಿಯಲ್ಲಿ ಸಿಕ್ಕಾಗ ನುಣ್ಣಗೆ ಶೇವ್ ಮಾಡಿಕೊಂಡು ಬಂದಿದ್ದ. ಈಗ ಮೂರ್ನಾಲ್ಕು ದಿನದ ಗಡ್ಡ ಬೆಳೆದಿತ್ತು.

"ಎಷ್ಟು ಕೂಗಿದ್ನಲೇ ವೀರೇಶ..." ಅವನ ಗಂಟಲು ಪೂರ್ತಿ ಕಟ್ಟಿತ್ತು. "ಯಾಕ ಬರಲಿಲ್ಲ?"

"ಈಗಷ್ಟ ಒಳಗ ಹೋದ್ಯಲ್ಲೋ. ಎರಡು ನಿಮಿಷ ಆಗಿಲ್ಲ."

ಅವನು ಪಡುವಣದ ಕಡೆ ನೋಡಿದ. ಆಕಾಶದಲ್ಲಿ ಕೆಂಪು ಇನ್ನೂ ಇತ್ತು. ಅದನ್ನು ನೋಡಿ ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟ.

ಪಾಮನಕಲ್ಲೂರಿನ ಒಂದು ಚಹಾದಂಗಡಿಯಲ್ಲಿ ಕೂರಿಸಿದೆ. ಬಲ್ಬಿನ ಕೆಳಗೇ ಕೂತ. ಚಹಾ ಮುಗಿಸಿ ಪಿಸುಗುಟ್ಟಿದ.

"ಒಳಗ ಇನ್ನೊಬ್ಬ ಅದಾನ."

"ಯಾರು?"

"ಗೊತ್ತಿಲ್ಲ. ಗ್ವಾಡಿ ಸಿಗಲೇ ಇಲ್ಲ, ನಡದೆ, ನಡದೆ... ಗಣಿಯಾಗೂ ಅಂಥ ಕತ್ತಲ ನೋಡಿಲ್ಲ ನಾ. ಯಾರೋ ಬಂದು ಕೈ ಹಿಡಿದ್ರು. ಗಂಡಸು. ಬರೇ ಎಲುಬು. ಈರಮ್ಮ, ಈರಮ್ಮ ಅಂತ ಕೂಗಾಕತ್ತಿದ್ದ. ನಾ ನಿನ್ನ ಕೂಗಾಕತ್ತಿದ್ದೆ. ಇಬ್ರೂ ಕೈ ಹಿಡಕೊಂಡ ನಡದ್ವಿ. ಆಮ್ಯಾಲೆ ದೂರದಾಗ ನಿನ್ನ ಟಾರ್ಚ್ ಕಂಡ್ತು."

"ಆಮ್ಯಾಲೆ?"

"ಅವನಿಗೆ ಓಡಾಕ ಆಗಲಿಲ್ಲ." ಖಾಜಾ ತನ್ನ ಬಲಗೈ ನೋಡಿಕೊಂಡ. "ಕೈ ಬಿಡಿಸ್ಕೊಂಡು ಬಂದೆ."

ಚಹಾದಂಗಡಿಯ ಮುದುಕನನ್ನು ಕೇಳಿದೆ. ಈ ಕಡೆ ಯಾರಾದರೂ ಗಂಡಸು ಕಾಣೆಯಾಗಿದ್ದಾನೆಯೇ, ಅವನ ಮನೆಯಲ್ಲಿ ಈರಮ್ಮ ಅಂತ ಯಾರಾದರೂ ಇದ್ದಾರೆಯೇ ಎಂದು.

"ಈರಮ್ಮ ಅನ್ನಾರು ಓಣಿಗೆ ನಾಕು ಮಂದಿ ಅದಾರ್ರೀ," ಎಂದ. "ಗಂಡಸ್ರು ದುಡಿಯಾಕ ಹೋಗ್ಯಾರ. ಕೆಲವ್ರು ಬರ್ತಾರ, ಕೆಲವ್ರು ಬರಲ್ಲ. ಯಾರ್ನಂತ ಹುಡುಕ್ತೀರಿ?"

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಖಾಜಾ ಮತ್ತೆ ನೆಲದೊಳಗೆ ಇಳಿಯಲಿಲ್ಲ. ಶಿಫ್ಟಿಗೆಂದು ಹೊರಟು ಗೇಟಿನವರೆಗೆ ಹೋಗಿ ವಾಪಸು ಬರುತ್ತಿದ್ದ. ಆಮೇಲೆ ದಿನಾ ಆ ಗುಡಿಗೆ ಹೋಗತೊಡಗಿದ. ಹೊತ್ತು ಮುಳುಗುವಾಗ ಒಳಗೆ ಹೋಗಿ, ಕತ್ತಲೆಯಲ್ಲಿ ಬಲಗೈ ಚಾಚಿ ಕೂರುತ್ತಿದ್ದ. ಕೆಲವು ಸಲ ನಾನೂ ಜೊತೆಗೆ ಹೋಗಿ ಬಾಗಿಲಲ್ಲಿ ನಿಂತೆ. ಏನೂ ಆಗಲಿಲ್ಲ. ಅದು ಬರೀ ಮೂರು ಗೋಡೆಯ ಕೋಣೆ.

ರಾಯಚೂರಿನಲ್ಲಿ ಡಾಕ್ಟರಿಗೆ ತೋರಿಸಿದೆ, ನಿದ್ದೆಯ ಗುಳಿಗೆ ಕೊಟ್ಟರು. ಅವನಮ್ಮ ದರ್ಗಾದಿಂದ ತಾಯತ ತಂದು ಕಟ್ಟಿದರು. ಅವನು ದಿನದಿನಕ್ಕೆ ಒಣಗುತ್ತಾ ಹೋದ.

"ಸಾಕು ಬಿಡೋ," ಎಂದೆ ಒಂದು ದಿನ. "ಯಾರೋ ಏನೋ. ಅವ ನಿನಗ ಏನಾಗಬೇಕು?"

"ಅಲ್ಲಿ ನೀ ಇದ್ದಿದ್ರ?" ಎಂದ.

ಅದು ಮದುವೆಗಳ ಸೀಸನ್. ಅಂಗಡಿಯಲ್ಲಿ ಪುರುಸೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನ ಫೋನ್ ಬಂತು.

"ಇವತ್ತು ಬರ್ತೀಯೇನು? ಬಾಗಿಲದಾಗ ಟಾರ್ಚ್ ಹಿಡಕೊಂಡು ನಿಂತ್ರ ಸಾಕು."

"ನಾಳೆ ಬರ್ತೀನೋ. ಇವತ್ತು ಕೆಲಸ ಐತಿ."

"ಹೂಂ," ಎಂದು ಇಟ್ಟ.

ಅವನು ಮನೆಗೆ ಬರಲಿಲ್ಲ. ಮರುದಿನ ಹೋಗಿ ನೋಡಿದರೆ ಬೈಕು ಬಂಡೆಯ ನೆರಳಲ್ಲಿ ನಿಂತಿತ್ತು. ಕನ್ನಡಿಗೆ ಹೆಲ್ಮೆಟ್ ತೂಗುಹಾಕಿತ್ತು. ಹೊಸ್ತಿಲ ಹೊರಗೆ ಚಪ್ಪಲಿ ಇದ್ದವು. ಪೊಲೀಸರು ಬಂದರು. ಸುತ್ತಲಿನ ಬಾವಿಗಳನ್ನು, ಕಲ್ಲಿನ ಕ್ವಾರಿಗಳನ್ನು ಹುಡುಕಿದರು. ಒಬ್ಬ ಪೇದೆ ಗರ್ಭಗುಡಿಯ ಗೋಡೆಗಳನ್ನು ಲಾಠಿಯಿಂದ ಬಡಿದು ನೋಡಿದ. ಕಲ್ಲು. ಹಿಂದೆಯೂ ಕಲ್ಲು.

ನಾನು ಅವನ ಮನೆಗೆ ಹೋದಾಗ ಅವನಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಮಾತು ಕೇಳಿದರು.

"ಬೇಟಾ, ಮೊದಲನೇ ಸಲ ಅವ ಮೂರು ದಿನ ಕೂಗಿದ್ನಂತಲ್ಲ. ನೀ ಬಾಗಿಲದಾಗ ಇದ್ದಿ. ನಿನಗ ಖರೇನ ಕೇಳಲಿಲ್ಲೇನು?"

"ಇಲ್ಲಮ್ಮ. ಏನೂ ಕೇಳಲಿಲ್ಲ."

"ಹಂಗಾರ ಈಗೂ ಕೂಗಾಕತ್ತಿರಬೇಕು," ಎಂದರು.

ಅವನು ಹೋಗಿ ಏಳು ತಿಂಗಳಾಯಿತು. ಹೊರಗಿನ ಎರಡು ನಿಮಿಷ ಅವನಿಗೆ ಒಳಗೆ ಮೂರು ದಿನವಾಗಿತ್ತು. ಏಳು ತಿಂಗಳಿಗೆ ಎಷ್ಟಾಯಿತು ಎಂಬ ಲೆಕ್ಕವನ್ನು ನಾನು ಮಾಡುವುದಿಲ್ಲ. ರಾತ್ರಿ ಅದು ತಾನಾಗಿಯೇ ಶುರುವಾಗುತ್ತದೆ, ಆಗ ಎದ್ದು ದೀಪ ಹಾಕುತ್ತೇನೆ.

ಭಾನುವಾರ ಅಲ್ಲಿಗೆ ಹೋಗುತ್ತೇನೆ. ಹೊತ್ತು ಮುಳುಗಿ ಪೂರ್ತಿ ಕತ್ತಲಾಗುವವರೆಗೆ ಬಾಗಿಲಲ್ಲಿ ಟಾರ್ಚ್ ಹಿಡಿದು, ಅವನ ಹೆಸರು ಕೂಗುತ್ತಾ ನಿಲ್ಲುತ್ತೇನೆ. ಹೊಸ್ತಿಲು ದಾಟಿಲ್ಲ. ಕಳೆದ ವಾರ ಮಾತ್ರ ಮೊಣಕೈವರೆಗೆ ಕೈಯನ್ನು ಒಳಗೆ ಚಾಚಿದೆ. ಗಾಳಿ ತಣ್ಣಗಿತ್ತು. ಯಾರೂ ಹಿಡಿಯಲಿಲ್ಲ.

ಹಿಡಿದಿದ್ದರೆ, ಖಾಜಾ ಮೊದಲ ಸಲ ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆ ಎಂಬುದು ನನಗೆ ಗೊತ್ತು... ಅದೊಂದನ್ನು ಅವನಮ್ಮನಿಗೆ ಹೇಳಿಲ್ಲ.