ಯಮನೂರ ಮುಗಿಸದ ಆಟಗಳು

ಲಗ್ಗೆರೆಯ ಮೂರನೇ ಮಹಡಿಯ ಆ ಕೋಣೆಯಲ್ಲಿ ಹದಿನೇಳು ವಿಡಿಯೊ ಗೇಮುಗಳಿದ್ದವು. ಹದಿನೇಳನ್ನೂ ಯಮನೂರನೇ ಆರಿಸಿ, ಅವನೇ ಕೊಂಡು ತಂದಿದ್ದ. ಒಂದನ್ನೂ ಅವನು ಕೊನೆಯವರೆಗೆ ಆಡಿರಲಿಲ್ಲ. ಯಾಕಪ್ಪಾ ಹೀಗೆ ಎಂದು ಯಾರಾದರೂ ಕೇಳಿದ್ದರೆ, ಒಂದು ಕ್ಷಣವೂ ಯೋಚಿಸದೆ ಕೋಣೆಯ ಜೊತೆಗಾರ ಅಮರಪ್ಪನ ಹೆಸರು ಹೇಳುತ್ತಿದ್ದ. ಯಾರೂ ಕೇಳಲಿಲ್ಲವಾದ್ದರಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಯಮನೂರ ಯಲಬುರ್ಗಾ ಕಡೆಯವನು. ಮೂವತ್ತೆರಡು ವಯಸ್ಸು, ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪೊಂದರಲ್ಲಿ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಮಷಿನ್ ಮುಂದೆ ನಿಂತರೆ ಓಟಿ ಮುಗಿದು ಏಳಕ್ಕೆ ಬಿಡುಗಡೆ. ಕುಷ್ಟಗಿಯ ಅಮರಪ್ಪ ಅವನಿಗಿಂತ ಹತ್ತು ವರ್ಷಕ್ಕೆ ದೊಡ್ಡವನು, ಗಾಡಿಗಳ ಗೇರು ಚಕ್ರಗಳನ್ನು ಭಟ್ಟಿಯಲ್ಲಿ ಕಾಯಿಸಿ ಗಟ್ಟಿ ಮಾಡುವ ಕಾರ್ಖಾನೆಯಲ್ಲಿ ಕಾಯಂ ರಾತ್ರಿ ಪಾಳಿ. ಇಬ್ಬರಿಗೂ ಒಂದೇ ಕೋಣೆ, ಒಂದೇ ಹಾಸಿಗೆ. ಇವನು ಹೊರಡುವ ಹೊತ್ತಿಗೆ ಅವನು ಬರುತ್ತಿದ್ದ, ಇವನು ಬರುವ ಹೊತ್ತಿಗೆ ಅವನು ಚಪ್ಪಲಿ ಮೆಟ್ಟುತ್ತಿದ್ದ. ಭಾನುವಾರ ಯಮನೂರನಿಗೆ ರಜೆ ಎಂದರೆ ಅಮರಪ್ಪ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಗೊರಕೆ ಹೊಡೆಯುತ್ತಿದ್ದ. ಮಂಗಳವಾರದ ತನ್ನ ರಜೆಗೆ ಅವನು ತಂಗಿಯ ಮನೆಗೆ ನೆಲಮಂಗಲಕ್ಕೆ ಹೋಗಿಬಿಡುತ್ತಿದ್ದ. ನಾಲ್ಕು ವರ್ಷ ಒಂದೇ ಸೂರಿನ ಕೆಳಗಿದ್ದು, ಅವರು ಆಡಿದ ಮಾತನ್ನೆಲ್ಲ ಗುಡ್ಡೆ ಹಾಕಿದರೂ ಒಂದು ಸಂಜೆಯ ಹರಟೆಗೆ ಸಾಲುತ್ತಿರಲಿಲ್ಲ.

ಯಮನೂರ ಕುಡಿಯುವವನಲ್ಲ, ಇಸ್ಪೀಟಿನ ಕಡೆ ತಲೆ ಹಾಕುವವನಲ್ಲ. ಅವನಿಗಿದ್ದದ್ದು ಇದೊಂದೇ ಹುಚ್ಚು. ಬಸ್ ಸ್ಟಾಪಿನ ಪಕ್ಕ ಹಳೆಯ ಮೊಬೈಲು, ಹಳೆಯ ಗೇಮುಗಳನ್ನು ಮಾರುವ ರಕ್ಷಿತಾಳ ಅಂಗಡಿಯಿತ್ತು. ಡಬ್ಬಿಯ ಮೇಲಿನ ಚಿತ್ರ ನೋಡಿದರೆ ಸಾಕು, ಅವನ ಕೈ ತಡೆಯುತ್ತಿರಲಿಲ್ಲ.

"ಅಣ್ಣ, ಹೋದ್ಸಲದ್ದು ಮುಗೀತಾ?" ಎಂದು ರಕ್ಷಿತಾ ಪ್ರತಿ ಸಲವೂ ಕೇಳುತ್ತಿದ್ದಳು.

"ಮುಗೀತವ್ವಾ," ಎನ್ನುತ್ತಿದ್ದ ಯಮನೂರ. ಅದು ಸುಳ್ಳೇನಲ್ಲ. ಆಟ ಮುಗಿದಿರುತ್ತಿತ್ತು, ಮುಗಿಸಿದವನು ಅವನಲ್ಲ ಅಷ್ಟೇ.

ನಡೆಯುತ್ತಿದ್ದದ್ದು ಇಷ್ಟು. ತಂದ ಮೊದಲ ಎರಡು ಮೂರು ದಿನ ಯಮನೂರ ಊಟ ಮರೆತು ಆಡುತ್ತಿದ್ದ. ಆಮೇಲೆ ಏನೋ ಮೈ ಭಾರ, ಏನೋ ಬೇಸರ, ನಾಳೆ ನೋಡಿದರಾಯಿತು ಎನ್ನುತ್ತಿದ್ದ. ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಅಮರಪ್ಪ ಬಾಗಿಲಲ್ಲಿ ಬೀಗದ ಕೈ ಕೊಡುತ್ತಾ, "ಅದನ್ನ ಮುಗಿಸೀನಿ ನೋಡಪಾ," ಎಂದು ಮೆಟ್ಟಿಲಿಳಿದು ಹೋಗುತ್ತಿದ್ದ. ಟಿವಿ ಹಾಕಿದರೆ ರಾಜಕುಮಾರ ಪಟ್ಟಕ್ಕೇರಿರುತ್ತಿದ್ದ, ರಾಕ್ಷಸ ಸತ್ತಿರುತ್ತಿದ್ದ, ಹೊಸದಾಗಿ ಶುರು ಮಾಡುವುದೊಂದೇ ಉಳಿದಿರುತ್ತಿತ್ತು. ಯಮನೂರನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಒಲೆಯ ಪಕ್ಕ ಅಮರಪ್ಪ ಮಾಡಿಟ್ಟ ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿರುತ್ತಿತ್ತು. ಅದನ್ನು ತಿಂದು ಅವನ ಮೇಲೆಯೇ ಜಗಳಕ್ಕೆ ಹೋಗುವುದು ಹೇಗೆ? ತಟ್ಟೆ ಎಳೆದುಕೊಂಡು ಊಟಕ್ಕೆ ಕೂರುತ್ತಿದ್ದ. ಹೀಗೆ ಹದಿನಾಲ್ಕು ಆಟಗಳಾದವು.

ಹದಿನೈದನೆಯದು ಬೇರೆ ಥರದ್ದು. ಒಬ್ಬಳು ಹುಡುಗಿ ಒಂದು ಮುದಿ ಕುದುರೆಯ ಜೊತೆ ಮರಳುಗಾಡು ದಾಟಿ ಸಮುದ್ರಕ್ಕೆ ಹೋಗುವ ಆಟ. ಕುದುರೆಗೆ ಸಾಯುವ ಮುಂಚೆ ಸಮುದ್ರ ತೋರಿಸಬೇಕೆಂದು ಅವಳ ಆಸೆ. ಆರೇ ಘಟ್ಟಗಳ ಸಣ್ಣ ಆಟ, ಹೊಡೆದಾಟವಿಲ್ಲ, ಬಡಿದಾಟವಿಲ್ಲ. ಮೊದಲ ದಿನವೇ ಯಮನೂರನ ಮನಸ್ಸು ಅದಕ್ಕೆ ಅಂಟಿಕೊಂಡಿತು. ಅವಳು ಸಮುದ್ರ ಮುಟ್ಟುವುದನ್ನು ತಾನೇ ಮೊದಲು ನೋಡಬೇಕು, ಇದೊಂದನ್ನಾದರೂ ಯಾರಿಗೂ ಬಿಟ್ಟುಕೊಡಬಾರದು ಎಂದು ಹಟ ಹುಟ್ಟಿತು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಇದ್ದ ಬದ್ದ ಧೈರ್ಯವನ್ನೆಲ್ಲ ಕೂಡಿಸಿಕೊಂಡು ಹೇಳಿಯೇಬಿಟ್ಟ.

"ಅಣ್ಣ, ಈ ಕುದ್ರಿದು ಒಂದು ಮುಟ್ಟಬ್ಯಾಡ."

ಅಮರಪ್ಪ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಾ ನೋಡಿದ. "ಮುಟ್ಟಬ್ಯಾಡನ? ಚಲೋ ಆತು ಬಿಡು."

ಸಿಟ್ಟಾದ ಎಂದುಕೊಂಡ ಯಮನೂರ. ಆಗಲಿ, ಸಿಟ್ಟಾದರೆ ಆಗಲಿ.

ಅಮರಪ್ಪ ಮುಟ್ಟಲಿಲ್ಲ. ಹದಿನೈದು ದಿನಕ್ಕೆ ಅವನ ಕಂಪನಿ ಅತ್ತಿಬೆಲೆಯಲ್ಲಿ ಹೊಸ ಘಟಕ ತೆರೆದು ಅವನನ್ನು ಅಲ್ಲಿಗೆ ಕಳಿಸಿತು. ಹಾಸಿಗೆಯ ಅರ್ಧ ಪಾಲನ್ನೂ ಬಾಡಿಗೆಯ ಅರ್ಧ ಪಾಲನ್ನೂ ಯಮನೂರನಿಗೇ ಬಿಟ್ಟು ಅವನು ಹೋದ. ಯಮನೂರನಿಗೆ ಒಳಗೊಳಗೇ ಖುಷಿಯಾದದ್ದು ನಿಜ. ಇನ್ನು ಅಡ್ಡ ಬರುವವರಿಲ್ಲ, ಕುದುರೆ ಅವನದು, ಸಮುದ್ರವೂ ಅವನದು.

ಮೂರನೇ ಘಟ್ಟದಲ್ಲಿ ಒಣಗಿದ ಹಳ್ಳಕ್ಕೆ ಸೇತುವೆ ಕಟ್ಟಬೇಕಿತ್ತು. ಅಲ್ಲಿ ಇಲ್ಲಿ ಅಲೆದು ಕಟ್ಟಿಗೆ ತರಬೇಕು, ಬೇಸರದ ಕೆಲಸ. ನಾಳೆ ಮಾಡೋಣ ಎಂದ. ನಾಳೆ ಬಂತು, ವಾರ ಬಂತು. ಅಷ್ಟರಲ್ಲಿ ರಕ್ಷಿತಾಳ ಅಂಗಡಿಯಲ್ಲಿ ಹೊಸ ಡಬ್ಬಿಗಳು ಕಂಡವು, ಇನ್ನೆರಡು ತಂದ. ಅವೂ ಮೂರು ದಿನಕ್ಕೆ ಹಳಸಿದವು. ಮೂರು ತಿಂಗಳಾದರೂ ಹುಡುಗಿ ಹಳ್ಳದ ಈಚೆಗೇ ನಿಂತಿದ್ದಳು.

ಈ ಮೂರು ಆಟಗಳಿಗೆ ಅಮರಪ್ಪನನ್ನು ದೂರುವ ಹಾಗಿರಲಿಲ್ಲ. ಆಗ ಯಮನೂರ ಹಳೆಯ ಹದಿನಾಲ್ಕನ್ನೂ ಒಂದೊಂದಾಗಿ ನೆನಪು ಮಾಡಿಕೊಂಡ. ತಾನು ಆಡುತ್ತಿದ್ದಾಗ ಅಮರಪ್ಪ ಕಸಿದುಕೊಂಡದ್ದು ಯಾವುದು? ಒಂದೂ ಇಲ್ಲ. ಪ್ರತಿಯೊಂದನ್ನೂ ತಾನು ಕೈಬಿಟ್ಟ ಎಷ್ಟೋ ದಿನದ ಮೇಲೆಯೇ ಅವನು ಕೈಗೆತ್ತಿಕೊಂಡಿದ್ದ. ಯಮನೂರನಿಗೆ ನಾಚಿಕೆಯಾಯಿತು. ಕೊಂಡದ್ದೆಲ್ಲ ದಂಡ ಎನಿಸಿತು. ಅಮರಪ್ಪನಿಗಾದರೂ ಆಡುವ ಆಸೆಯಿತ್ತು, ಅವನೇ ಮುಗಿಸಲಿ ಎಂದು ಒಂದು ಭಾನುವಾರ ಗೇಮ್ ಆಡುವ ಯಂತ್ರವನ್ನೂ ಕುದುರೆ ಆಟದ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡು, ಮೆಜೆಸ್ಟಿಕ್ಕಿನಲ್ಲಿ ಬಸ್ ಬದಲಿಸಿ ಅತ್ತಿಬೆಲೆಗೆ ಹೋದ.

ಅಮರಪ್ಪನಿಗೆ ಅಲ್ಲಿ ಹಗಲು ಪಾಳಿ, ಭಾನುವಾರ ರಜೆ. ಮುಖ ತುಂಬಿಕೊಂಡಿತ್ತು, ಕಣ್ಣಿನ ಕೆಂಪು ಹೋಗಿತ್ತು. ಚಹಾ ಕೊಟ್ಟ, ಮಂಡಕ್ಕಿ ಕೊಟ್ಟ. ಯಮನೂರ ಚೀಲ ಮುಂದಿಟ್ಟ.

"ಅಣ್ಣ, ಕುದ್ರಿದು ಅರ್ಧಕ್ಕ ನಿಂತೈತಿ."

ಅಮರಪ್ಪನ ಮುಖ ಸಣ್ಣಗಾಯಿತು. "ಇಲ್ಲಿಗೂ ತಂದ್ಯಾ?"

"ಯಾಕ? ನಿನಗ ಇಷ್ಟ ಅಲ್ಲೇನು?"

"ಇಷ್ಟಾ? ಆ ಗುಂಡಿ ಒತ್ತಿ ಒತ್ತಿ ಬೆರಳು ಜೋಮು ಹಿಡಿತಿದ್ವು ನನಗ. ಯಾಂವ ಹುಟ್ಟಿಸಿದ್ನೋ ಅದನ್ನ."

"ಮತ್ತ ಹದಿನಾಕೂ ಮುಗಿಸಿದ್ಯಲ್ಲ?"

"ನೀ ಅರ್ಧಕ್ಕ ಬಿಟ್ಟು ಹೋಗ್ತಿದ್ದಿ. ನಮ್ಮ ಭಟ್ಟಿ ಕೆಲಸದಾಗ ಪಾಳಿ ಮುಗಿಸಿ ಹೋಗಾಂವ ಬಿಟ್ಟಿದ್ದನ್ನ ಬಂದಾಂವ ಮುಗಿಸ್ಬೇಕು. ಇವ್ನೂ ನನಗಂತನ ಬಿಟ್ಟಾನ, ಮುಗಿಸ್ಲಿಲ್ಲಂದ್ರ ಬ್ಯಾಸರ ಮಾಡ್ಕೋತಾನ ಅಂತ ತಿಳ್ಕೊಂಡೆ. ಮಧ್ಯಾಹ್ನದ ಮಟಾ ಅದನ್ನ ಒತ್ತೋದು, ಆಮ್ಯಾಲ ಮಲಗೋದು. ಭಟ್ಟಿ ಮುಂದ ತೂಕಡಿಸಿ ಎಷ್ಟು ಸಲ ಬೈಸ್ಕೊಂಡೀನಿ."

"ಒಂದ್ ಮಾತು ಕೇಳಬಾರದಿತ್ತೇನಣ್ಣ?"

"ಯಾವಾಗ ಕೇಳ್ಲಿ? ನೀ ಇಳಿಯಾಂವ, ನಾ ಏರಾಂವ."

ತನ್ನ ಆಟ ಕದಿಯುತ್ತಾನೆಂದು ಯಮನೂರ ಅವನನ್ನು ನಾಲ್ಕು ವರ್ಷ ಒಳಗೊಳಗೇ ಬೈದಿದ್ದ, ಅವನ ನಿದ್ದೆ ಕದ್ದದ್ದು ತಾನೇ ಎಂದು ತಿಳಿದಾಗ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡ. ಅಷ್ಟರಲ್ಲಿ ಅಮರಪ್ಪ ಉಸ್ಸೆಂದು ಉಸಿರು ಬಿಟ್ಟು ಕೈ ಚಾಚಿದ್ದ.

"ಆತು, ಕೊಡು. ಎಲ್ಲಿ ಮಟಾ ಆಗೈತಿ?"

"ಬ್ಯಾಡಣ್ಣ. ನೀ ಅಡ್ಡಾಗು. ನಾ ಮುಗಿಸ್ತೀನಿ."

ಅಮರಪ್ಪ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ, ಚಾಪೆಯ ಮೇಲೆ ಮಗ್ಗುಲಾದ. ಯಮನೂರ ಯಂತ್ರವನ್ನು ಅವನ ಟಿವಿಗೆ ಸಿಕ್ಕಿಸಿ, ಸದ್ದು ಪೂರ್ತಿ ಇಳಿಸಿ ಕೂತ. ಕಟ್ಟಿಗೆ ಆರಿಸುವಾಗ ಎರಡು ಸಲ ಎದ್ದುಬಿಡೋಣ ಎನ್ನಿಸಿತು, ಏಳಲಿಲ್ಲ. ಸೇತುವೆ ಆಯಿತು, ಮರಳಿನ ದಿಬ್ಬಗಳು ಮುಗಿದವು. ನಾಲ್ಕೂವರೆಯ ಹೊತ್ತಿಗೆ ಹುಡುಗಿಯ ಮುಂದೆ ಸಮುದ್ರ ಬಂತು, ಕುದುರೆ ಮುಂಗಾಲನ್ನು ನೀರಿಗಿಟ್ಟಿತು. ನೋಡು ಎಂದು ಕೂಗಬೇಕೆನಿಸಿ ಯಮನೂರ ತಿರುಗಿದ. ಅಮರಪ್ಪ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದ. ಯಮನೂರ ಅವನನ್ನು ಎಬ್ಬಿಸಲಿಲ್ಲ.